ಕಟ್ಟಡಕ್ಕೊಬ್ಬ ವಿದ್ಯುತ್ ದ್ವಾರಪಾಲಕ

ಬಾಗಿಲೆಂಬುದು ಗೋಡೆಯಲ್ಲಿ ಮನುಷ್ಯನು ತಾನಾಗಿ ಮಾಡಿಕೊಂಡ ರಂಧ್ರ. ಆ ರಂಧ್ರವಿಲ್ಲದಿದ್ದರೆ ಮನೆಯು ಸೆರೆಮನೆಯಾಗುವುದು. ಅದು ಸದಾ ತೆರೆದಿದ್ದರೆ ಮನೆಯು ಬೀದಿಯಾಗುವುದು. ಈ ಎರಡು ಅನರ್ಥಗಳ ನಡುವಣ ದಾರಿಯನ್ನು ನಮ್ಮ ಹಿರಿಯರು ಅಗುಳಿ, ಚಿಲಕ, ಬೀಗ, ಕಾವಲುಗಾರ ಎಂಬ ನಾಲ್ಕು ಸಾಧನಗಳಿಂದ ಸಾಗಿಸಿಕೊಂಡು ಬಂದರು. ಈಗ ಐದನೆಯದೊಂದು ಬಂದಿದೆ. ಕಾರ್ಡನ್ನು ಮುಂದೆ ಹಿಡಿದರೆ, ಅಂಕಿಗಳನ್ನು ಒತ್ತಿದರೆ, ಬೆರಳನ್ನಿಟ್ಟರೆ ಅಥವಾ ಮುಖವನ್ನು ತೋರಿದರೆ ಬಾಗಿಲು ತಾನಾಗಿ ಸಡಿಲವಾಗುವುದು. ಇಲ್ಲವಾದರೆ ಕೆಂಪು ದೀಪ ಹೊತ್ತಿ ಬಂದವನು ಹೊರಗೇ ನಿಲ್ಲುವನು. ಬೆಂಗಳೂರು ಮೈಸೂರುಗಳ ವಸತಿ ಸಮುಚ್ಚಯಗಳಲ್ಲಿ ಮಕ್ಕಳ ಸಂಸಾರವನ್ನು ನೋಡಿಬರಲು ಹೋದ ವಾಚಕರಲ್ಲಿ ಅನೇಕರಿಗೆ ಈ ಯಂತ್ರದ ಪರಿಚಯ ಈಗಾಗಲೇ ಆಗಿರಬೇಕು. ಕೆಲವರು ಅದರ ಮುಂದೆ ಕೈಚೀಲ ಹಿಡಿದು ನಿಂತೂ ಇರಬೇಕು.

ಈ ಯಂತ್ರವನ್ನು ಕೊಳ್ಳುವವರು ಇಂಜಿನಿಯರುಗಳಲ್ಲ. ವಸತಿ ಸಂಘದ ಸಮಿತಿಯವರು, ಶಾಲೆಯ ಆಡಳಿತದವರು, ಛತ್ರದ ಧರ್ಮದರ್ಶಿಗಳು, ಅಂದರೆ ನಮ್ಮ ನಿಮ್ಮಂತಹ ಗೃಹಸ್ಥರೇ ಕೊಳ್ಳುವವರು. ಮಾರುವವನ ಮಾತು ಇಂಪಾಗಿರುತ್ತದೆ. ಕೊಳ್ಳುವವನು ಏನನ್ನು ಕೇಳಬೇಕೆಂಬುದೇ ಅವನಿಗೆ ತಿಳಿದಿರುವುದಿಲ್ಲ. ಕಳೆದ ವರ್ಷ ನಮ್ಮ ಸೀಮೆಯ ಒಂದು ಧರ್ಮಸಂಸ್ಥೆಯವರು ತಮ್ಮ ಮೂರು ಅಂತಸ್ತಿನ ಕಟ್ಟಡಕ್ಕೆ ಇಂತಹ ಏರ್ಪಾಟನ್ನು ಮಾಡಿಸಬೇಕೆಂದು ನಮ್ಮನ್ನೂ ಆಲೋಚನೆಗೆ ಕರೆದರು. ಕೆಳಗೆ ಸಾರ್ವಜನಿಕ ವಾಚನಾಲಯ, ನಡುವೆ ಕಛೇರಿ ಮತ್ತು ಹಳೆಯ ಕಡತಗಳ ಕೋಣೆ, ಮೇಲೆ ಮೂವತ್ತು ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯ. ವಿದ್ಯುದ್ವಿದ್ಯೆಯನ್ನು ಬಲ್ಲ ನಮ್ಮ ಹಳೆಯ ಶಿಷ್ಯರೊಬ್ಬರು ಜೊತೆಗಿದ್ದರು. ಆ ಸಂದರ್ಭದಲ್ಲಿ ಓದಿ, ಕೇಳಿ, ಕಂಡು ತಿಳಿದುಕೊಂಡುದನ್ನು ಇಲ್ಲಿ ಕ್ರಮವಾಗಿ ನಿರೂಪಿಸುವೆವು.

ಮೊದಲು ಗೋಡೆ, ಆಮೇಲೆ ಬಾಗಿಲು

ಕರಿಘಟ್ಟದ ಬೆಟ್ಟವನ್ನೇರಿ ನಿಂತರೆ ಕೆಳಗೆ ಲೋಕಪಾವನಿಯೂ ಕಾವೇರಿಯೂ ಅದರಾಚೆಗೆ ಶ್ರೀರಂಗಪಟ್ಟಣದ ದ್ವೀಪವೂ ಕಾಣುವುವು. ಆ ಪಟ್ಟಣದ ಕೋಟೆಗೆ ಮೈಸೂರು ಬಾಗಿಲು, ಬೆಂಗಳೂರು ಬಾಗಿಲು, ಆನೆ ಬಾಗಿಲು, ನೀರಿನ ಬಾಗಿಲು ಎಂದು ಬಾಗಿಲುಗಳುಂಟು. ೧೭೯೯ನೆಯ ಇಸವಿ ಮೇ ೪ರ ಮಧ್ಯಾಹ್ನ ಆಂಗ್ಲ ಸೈನ್ಯವು ಇವುಗಳಲ್ಲಿ ಯಾವ ಬಾಗಿಲನ್ನೂ ಒಡೆದು ಒಳನುಗ್ಗಲಿಲ್ಲ. ವಾಯವ್ಯದ ಮೂಲೆಯ ಬಳಿ ಫಿರಂಗಿಗಳಿಂದ ಗೋಡೆಯನ್ನು ಕೆಡವಿ, ಆ ಬಿರುಕಿನಿಂದ ಹತ್ತಿತು. ಬಾಗಿಲುಗಳೆಲ್ಲ ಭದ್ರವಾಗಿಯೇ ಇದ್ದುವು.

ಇದರಿಂದ ಕೊಳ್ಳುವವರು ಕಲಿಯತಕ್ಕ ಮೊದಲನೆಯ ಪಾಠವಿದು. ಮುಂಬಾಗಿಲಿಗೆ ಸಾವಿರಾರು ರೂಪಾಯಿಗಳ ಯಂತ್ರವನ್ನು ಕೂರಿಸಿ, ಹಿತ್ತಿಲ ಕಡೆಯ ಕಿಟಕಿಗೆ ಸರಳು ಹಾಕಿಸದೆ, ಮಹಡಿಯ ಬಾಗಿಲಿಗೆ ತಂತಿ ಕಟ್ಟಿ ಬಿಟ್ಟರೆ ಪ್ರಯೋಜನವೇನು? ನಮ್ಮ ಧರ್ಮಸಂಸ್ಥೆಯವರು ಯಂತ್ರದ ಬೆಲೆಪಟ್ಟಿಯನ್ನು ಬಿಚ್ಚುವ ಮುನ್ನ ಕಟ್ಟಡವನ್ನು ಸುತ್ತು ಹಾಕಿ ಒಳಬರುವ ದಾರಿಗಳನ್ನು ಎಣಿಸಿದರು. ನಾಲ್ಕೆಂದು ಭಾವಿಸಿದ್ದವರಿಗೆ ಏಳು ಸಿಕ್ಕಿದುವು. ಮೂರನ್ನು ಬಡಗಿಯೂ ಕಮ್ಮಾರನೂ ಸರಿಪಡಿಸಿದರು. ಅದಕ್ಕೆ ವಿದ್ಯುತ್ತು ಬೇಕಾಗಲಿಲ್ಲ.

ಗುರುತಿನ ಮೂರು ಬಗೆ

ಬಾಗಿಲ ಬಳಿ ನಿಂತವನು ಇಂಥವನೇ ಎಂದು ನಿಶ್ಚಯಿಸುವುದು ಹೇಗೆ? ಯಂತ್ರಶಾಸ್ತ್ರದವರು ಇದಕ್ಕೆ ಮೂರೇ ಮಾರ್ಗಗಳನ್ನು ಹೇಳುವರು: ಅವನು ಬಲ್ಲದ್ದು, ಅವನ ಬಳಿ ಇರುವುದು, ಅವನ ದೇಹವೇ ಆಗಿರುವುದು. ರಹಸ್ಯದ ಅಂಕಿ ಮೊದಲನೆಯದು; ಕಾರ್ಡು ಎರಡನೆಯದು; ಬೆರಳು ಅಥವಾ ಮುಖ ಮೂರನೆಯದು. ಸಂಸ್ಕೃತವನ್ನೋದಿದವರಿಗೆ ಇದು ಹೊಸದೆನ್ನಿಸದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯುಂಟು. ಒಂದು ಮಾಷಕವನ್ನು ಪಡೆದು ಅವನು ಮುದ್ರೆಯನ್ನು ಕೊಡತಕ್ಕದ್ದು. ಮುದ್ರೆಯುಳ್ಳವನೇ ನಾಡಿನೊಳಕ್ಕೆ ಬರಬಹುದು, ಹೊರಕ್ಕೆ ಹೋಗಬಹುದು. ಮುದ್ರೆಯಿಲ್ಲದೆ ಬಂದ ನಾಡಿಗನಿಗೆ ೧೨ ಪಣ ದಂಡ. ಈಗಿನ ಕಾರ್ಡು ಆ ಮುದ್ರೆಯ ಮೊಮ್ಮಗುವೆನ್ನಬಹುದು.

ಮೂರರಲ್ಲಿ ಪ್ರತಿಯೊಂದಕ್ಕೂ ತನ್ನದೇ ದೋಷವುಂಟು. ಅಂಕಿಯನ್ನು ಮೊದಲು ನೋಡೋಣ. ನಾಲ್ಕು ಸ್ಥಾನದ ಅಂಕಿಗಳಲ್ಲಿ ೧೦,೦೦೦ ಭೇದಗಳಾಗುವುವು. ಆರು ಸ್ಥಾನವಾದರೆ ೧೦ ಲಕ್ಷ. ಇದು ಲೆಕ್ಕದ ಮಾತು. ಆದರೆ ವರ್ಷಗಟ್ಟಲೆ ಒಂದೇ ಅಂಕಿಯನ್ನಿಟ್ಟುಕೊಂಡರೆ ಒತ್ತಿ ಒತ್ತಿ ನಾಲ್ಕು ಗುಂಡಿಗಳು ಮಾತ್ರ ಸವೆದು ಹೊಳೆಯುವುವು. ಆ ನಾಲ್ಕು ಯಾವುವೆಂದು ಕಂಡವನಿಗೆ ಉಳಿಯುವ ಭೇದಗಳು ೨೪ ಮಾತ್ರ. ಅಲ್ಲದೆ ಅಂಕಿಯು ಬಾಯಿಂದ ಬಾಯಿಗೆ ಹರಡುವುದು. ಹಾಲಿನವನಿಗೆ ಹೇಳಿದ ರಹಸ್ಯ ಪತ್ರಿಕೆಯವನಿಗೂ ತಿಳಿದಿರುವುದು.

ಕಾರ್ಡಿನ ದೋಷಗಳನ್ನು ಕಾಳಿದಾಸನೂ ವಿಶಾಖದತ್ತನೂ ಬಲ್ಲರು. ಶಚೀತೀರ್ಥದಲ್ಲಿ ಉಂಗುರ ಜಾರಿಹೋದುದರಿಂದ ಶಕುಂತಲೆ ಧರ್ಮಪತ್ನಿಯಾಗಿದ್ದೂ ಗಂಡನ ಬಾಗಿಲಿನಿಂದ ಹಿಂದಿರುಗಬೇಕಾಯಿತು. ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರಿದುದರಿಂದ, ರಾಕ್ಷಸನು ಬರೆಯದ ಪತ್ರಕ್ಕೆ ರಾಕ್ಷಸನ ಮುದ್ರೆ ಬಿದ್ದಿತು. ಕಳೆದುಹೋಗುವುದೊಂದು, ಪರರ ಕೈಗೆ ಸಿಕ್ಕುವುದಿನ್ನೊಂದು. ಈ ಕಾಲದಲ್ಲಿ ಮೂರನೆಯದೂ ಸೇರಿದೆ, ನಕಲು. ಸೆಕೆಂಡಿಗೆ ೧೨೫ ಸಾವಿರ ಆವರ್ತನಗಳಲ್ಲಿ ಮಾತನಾಡುವ ಹಳೆಯ ಬಗೆಯ ಕಾರ್ಡು ತನ್ನ ಸಂಖ್ಯೆಯನ್ನು ಕೇಳಿದ ಯಾರಿಗಾದರೂ ಬಹಿರಂಗವಾಗಿ ಕೂಗಿ ಹೇಳಿಬಿಡುವುದು. ಅದನ್ನು ನಕಲು ಮಾಡುವ ಸಾಧನ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬೆಲೆಯೂ ಅಲ್ಪ. ೧೩.೫೬ ಮೆಗಾಹರ್ಟ್ಸಿನ ಹೊಸ ಬಗೆಗಳು ಮೇಲು. ಆದರೆ ಅವುಗಳಲ್ಲಿಯೂ ತಾರತಮ್ಯವುಂಟು. ಮೈಫೇರ್ ಕ್ಲಾಸಿಕ್ ಎಂಬುದು ಲೋಕದಲ್ಲೆಲ್ಲ ಹರಡಿದ್ದ ಕಾರ್ಡು. ಅದರ ಗೂಢಲಿಪಿಯನ್ನು ೨೦೦೮ರಲ್ಲಿ ನೆದರ್ಲೆಂಡ್ಸಿನ ನೈಮೇಖನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾಲಯದ ವಿದ್ವಾಂಸರು ಭೇದಿಸಿ ತೋರಿಸಿದರು. ಇಷ್ಟಾದರೂ ಅದು ಇಂದಿಗೂ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ. ಆದಕಾರಣ ಕಾರ್ಡನ್ನು ಕೊಳ್ಳುವಾಗ "ಇದರಲ್ಲಿ ಎ.ಇ.ಎಸ್. ಗೂಢಲಿಪಿ ಉಂಟೆ?" ಎಂದು ಕೇಳತಕ್ಕದ್ದು, ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು.

ಕಾರ್ಡನ್ನು ಓದುವ ಪೆಟ್ಟಿಗೆಯಿಂದ ಒಳಗಿನ ನಿಯಾಮಕ ಪೆಟ್ಟಿಗೆಗೆ ಹೋಗುವ ತಂತಿಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಬಹುಕಾಲದಿಂದ ರೂಢಿಯಲ್ಲಿರುವ ಕ್ರಮಕ್ಕೆ ವೀಗಾಂಡ್ ಎಂದು ಹೆಸರು. ಅದರ ಸಾಮಾನ್ಯ ರೂಪದಲ್ಲಿ ೨೬ ಸಂಕೇತಗಳು: ಸ್ಥಳಕ್ಕೆ ೮, ಕಾರ್ಡಿಗೆ ೧೬, ತಪ್ಪುನೋಡಲು ೨. ಅಂದರೆ ೨೫೬ ಸ್ಥಳಗಳು, ಒಂದೊಂದಕ್ಕೂ ೬೫,೫೩೬ ಕಾರ್ಡುಗಳು. ಲೋಕಕ್ಕೆಲ್ಲ ಇಷ್ಟೇ ಆದುದರಿಂದ ಒಂದೇ ಸಂಖ್ಯೆಯ ಎರಡು ಕಾರ್ಡುಗಳು ಇರುವುದು ಅಸಂಭವವಲ್ಲ. ಮೇಲಾಗಿ ತಂತಿಯಲ್ಲಿ ಹೋಗುವ ಸಂದೇಶಕ್ಕೆ ಮುಸುಕಿಲ್ಲ. ಹೊರಗಿನ ಪೆಟ್ಟಿಗೆಯ ತಿರುಪನ್ನು ಬಿಚ್ಚಿದವನು ಅದನ್ನು ಕದ್ದು ಕೇಳಬಲ್ಲನು. ಓ.ಎಸ್.ಡಿ.ಪಿ. ಎಂಬ ಹೊಸ ಕ್ರಮದಲ್ಲಿ ಎರಡು ಪೆಟ್ಟಿಗೆಗಳೂ ಪರಸ್ಪರ ಮಾತನಾಡುವುವು. ಸುರಕ್ಷಿತ ರೂಪದಲ್ಲಿ ಸ್ಥಾಪಿಸಿದರೆ ಮಾತು ಗೂಢವಾಗಿಯೂ ಇರುವುದು. ೨೦೨೦ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಹೊಸ ಕಟ್ಟಡಕ್ಕೆ ತಂತಿ ಎಳೆಯುವವರು ಇದನ್ನೇ ಬಯಸುವುದು ಜಾಣತನ.

ದೇಹವೇ ಬೀಗದ ಕೈ ಆದಾಗ

ದೇಹದ ಗುರುತು ಕಳೆಯುವುದಿಲ್ಲ, ಮರೆಯುವುದಿಲ್ಲ, ಒಬ್ಬರು ಇನ್ನೊಬ್ಬರಿಗೆ ಕೊಡಲೂ ಆಗದು ಎಂಬುದು ಅದರ ಸೊಗಸು. ಈ ವಿದ್ಯೆಯ ಬೆಳವಣಿಗೆಗೆ ನಮ್ಮ ದೇಶವೇ ಮುಖ್ಯ ಕ್ಷೇತ್ರ. ೧೮೫೮ರಲ್ಲಿ ವಂಗದೇಶದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಕರಾರುಪತ್ರವೊಂದಕ್ಕೆ ಗುತ್ತಿಗೆದಾರನ ಅಂಗೈ ಅಚ್ಚನ್ನು ತೆಗೆದುಕೊಂಡನು. ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಬೆರಳ ಗುರುತಿನ ಕಛೇರಿ ಸ್ಥಾಪಿತವಾಯಿತು. ಗುರುತುಗಳನ್ನು ವರ್ಗೀಕರಿಸುವ ಕ್ರಮವನ್ನು ರೂಪಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರ ಪಾತ್ರ ದೊಡ್ಡದು.

ನಮ್ಮ ಸಮಿತಿಯ ತರುಣ ಸದಸ್ಯರೊಬ್ಬರು ಬೆರಳ ಯಂತ್ರವನ್ನೇ ಹಿಡಿದು ಪಟ್ಟುಮಾಡಿದರು. ಮಾರುವವರು ಒಂದು ವಾರ ಪರೀಕ್ಷೆಗಾಗಿ ಒಂದನ್ನು ವಿದ್ಯಾರ್ಥಿನಿಲಯದ ಬಾಗಿಲಲ್ಲಿ ಕೂರಿಸಿದರು. ಹುಡುಗಿಯರು ಹರ್ಷದಿಂದ ಹೋಗಿ ಬಂದು ಮಾಡಿದರು. ಮೂರನೆಯ ದಿನ ಬೆಳಗಿನ ಐದು ಗಂಟೆಗೆ ಅಡುಗೆಯ ಹೆಂಗಸು ಹೊರಗೇ ನಿಂತಿದ್ದಳು. ಬೂದಿ, ಹುಣಿಸೆಹಣ್ಣುಗಳಿಂದ ಪಾತ್ರೆ ಉಜ್ಜಿ, ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿ ಸವೆದ ಬೆರಳು ಅವಳದು. ಹತ್ತು ಸಲ ಇಟ್ಟರೆ ಎರಡು ಸಲ ಯಂತ್ರ ಒಪ್ಪುತ್ತಿತ್ತು. ನಾವು ಹೋದಾಗ ಅವಳು ಅಂಗೈಯನ್ನು ನಮ್ಮ ಮುಂದೆ ಚಾಚಿ, "ನಲವತ್ತು ವರ್ಷ ದುಡಿದ ಕೈ ಮೇಷ್ಟ್ರೆ ಇದು. ಇದಕ್ಕೆ ಗುರುತೇ ಇಲ್ಲ ಅಂತದೆ ಈ ಯಂತ್ರ" ಎಂದಳು. ಸಿಟ್ಟಿಲ್ಲದೆ ನುಡಿದ ಮಾತು. ಆದುದರಿಂದಲೇ ಸಮಿತಿಯಲ್ಲಿ ಅದನ್ನು ಮೀರಿದ ವಾದ ಹುಟ್ಟಲಿಲ್ಲ.

ತರ್ಕಶಾಸ್ತ್ರದಲ್ಲಿ ಲಕ್ಷಣದ ದೋಷಗಳನ್ನು ಹೇಳುವಾಗ ಅತಿವ್ಯಾಪ್ತಿ, ಅವ್ಯಾಪ್ತಿ ಎಂಬ ಎರಡು ಹೆಸರುಗಳು ಬರುವುವು. ಸಲ್ಲದುದಕ್ಕೂ ಸಲ್ಲುವುದು ಅತಿವ್ಯಾಪ್ತಿ. ಸಲ್ಲತಕ್ಕುದಕ್ಕೇ ಸಲ್ಲದಿರುವುದು ಅವ್ಯಾಪ್ತಿ. ಬಾಗಿಲ ಯಂತ್ರದಲ್ಲಿ ಅನರ್ಹನನ್ನು ಒಳಬಿಡುವುದು ಅತಿವ್ಯಾಪ್ತಿ, ಅರ್ಹನನ್ನು ಹೊರನಿಲ್ಲಿಸುವುದು ಅವ್ಯಾಪ್ತಿ. ಯಂತ್ರದ ಹದವನ್ನು ಬಿಗಿಮಾಡಿದರೆ ಮೊದಲನೆಯದು ತಗ್ಗಿ ಎರಡನೆಯದು ಹೆಚ್ಚುವುದು, ಸಡಿಲಿಸಿದರೆ ಅದಲುಬದಲಾಗುವುದು. ಎರಡೂ ಸೊನ್ನೆಯೆಂದು ಯಾರಾದರೂ ಹೇಳಿದರೆ ನಂಬಬೇಕಾದುದಿಲ್ಲ. ಮಾರುವವರು ಮೊದಲನೆಯದರ ವಿಷಯವನ್ನು ಹಿರಿದಾಗಿ ಹೇಳುವರು. ಎರಡನೆಯದನ್ನು ನಾವೇ ಕೇಳಬೇಕು. ಕರಿಘಟ್ಟದಲ್ಲಿ ವೈಕುಂಠ ಶ್ರೀನಿವಾಸನ ದರ್ಶನ ಮಾಡುವ ನಮಗೆ ವೈಕುಂಠದ ದ್ವಾರಪಾಲಕರ ಕಥೆ ಪರಿಚಿತವೇ. ಸನಕಾದಿಗಳು ಆರು ಬಾಗಿಲುಗಳನ್ನು ದಾಟಿ ಏಳನೆಯದಕ್ಕೆ ಬಂದಾಗ ಜಯವಿಜಯರು ಅವರನ್ನು ತಡೆದರು. ಕಳ್ಳರನ್ನು ಒಳಬಿಟ್ಟ ತಪ್ಪಿಗಲ್ಲ, ಒಳಬರಬೇಕಾದವರನ್ನು ತಡೆದ ತಪ್ಪಿಗೆ ಅವರು ಮೂರು ಜನ್ಮ ತಾಳಬೇಕಾಯಿತು.

ದೇಹದ ಗುರುತಿಗೆ ಇನ್ನೂ ಗಂಭೀರವಾದ ಆಕ್ಷೇಪಣೆಯೊಂದುಂಟು. ಕಾರ್ಡು ಕಳೆದರೆ ರದ್ದುಮಾಡಿ ಬೇರೆಯದನ್ನು ಕೊಡಬಹುದು. ಅಂಕಿ ಹೊರಬಿದ್ದರೆ ಬದಲಾಯಿಸಬಹುದು. ಬೆರಳ ಗುರುತಿನ ಪ್ರತಿ ಪರರ ಪಾಲಾದರೆ ಹೊಸ ಬೆರಳನ್ನು ಎಲ್ಲಿಂದ ತರೋಣ? ನಮ್ಮ ನಾಡಿನ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದುದೂ, ಆ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರು ಏಕಕಂಠದಿಂದ ಖಾಸಗಿತನವು ಮೂಲಭೂತವಾದ ಹಕ್ಕೆಂದು ತೀರ್ಪಿತ್ತುದೂ ವಾಚಕರಿಗೆ ತಿಳಿದಿರಬಹುದು. ೨೦೨೩ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶಗಳ ರಕ್ಷಣೆಗೆ ಅಧಿನಿಯಮವೊಂದನ್ನು ಮಾಡಿದೆ. ಹೀಗಿರಲಾಗಿ, ಮೂವತ್ತು ಹೆಣ್ಣುಮಕ್ಕಳ ಬೆರಳ ಗುರುತುಗಳನ್ನು ಒಂದು ಪೆಟ್ಟಿಗೆಯಲ್ಲಿ ಸಂಗ್ರಹಿಸುವ ಸಮಿತಿಯು ಅವುಗಳ ನಿಕ್ಷೇಪವನ್ನು ಹೊತ್ತಂತಾಯಿತು. ನಿಕ್ಷೇಪವನ್ನು ಕಾಯಲಾರದವನು ಅದನ್ನು ಸ್ವೀಕರಿಸಕೂಡದೆಂಬುದು ಹಳೆಯ ಧರ್ಮ.

ಮುಖ್ಯವಾದ ಕೋಣೆಗೆ ಒಂದೇ ಗುರುತು ಸಾಲದೆನಿಸಿದರೆ ಎರಡನ್ನು ಕೂಡಿಸುವುದು ಸುಲಭವಾದ ಉಪಾಯ. ಸನ್ಯಾಸಿವೇಷಕ್ಕೆ ಒಮ್ಮೆ ಮೋಸಹೋಗಿದ್ದ ಸೀತಾದೇವಿ ಹನುಮಂತನನ್ನು ಕಂಡೊಡನೆ ನಂಬಲಿಲ್ಲ. ಅವನು ರಾಮನ ಲಕ್ಷಣಗಳನ್ನು ವರ್ಣಿಸಿ, ಉಂಗುರವನ್ನೂ ಕೊಟ್ಟ ಬಳಿಕ ನಂಬಿದಳು. ಹಿಂದಿರುಗುವಾಗ ಅವಳೂ ಚೂಡಾಮಣಿಯೊಂದನ್ನೇ ಕೊಡದೆ, ತನಗೂ ರಾಮನಿಗೂ ಮಾತ್ರ ತಿಳಿದ ಕಾಗೆಯ ಕಥೆಯನ್ನೂ ಹೇಳಿ ಕಳುಹಿಸಿದಳು. ಇರುವ ವಸ್ತುವೊಂದು, ಬಲ್ಲ ಮಾತೊಂದು. ಕಾರ್ಡಿನೊಡನೆ ಅಂಕಿಯನ್ನೂ ಕೇಳುವ ಯಂತ್ರದ ತತ್ತ್ವ ಇದೇ ಆಗಿದೆ.

ವಿದ್ಯುತ್ತು ಹೋದಾಗ

ಗುರುತನ್ನು ಒಪ್ಪಿದ ಬಳಿಕ ಬಾಗಿಲನ್ನು ಬಿಡಿಸುವ ಬೀಗವು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕಾಂತದ ಬೀಗ. ಚೌಕಟ್ಟಿನಲ್ಲಿ ವಿದ್ಯುತ್ಕಾಂತ, ಕದದಲ್ಲಿ ಕಬ್ಬಿಣದ ಫಲಕ. ವಿದ್ಯುತ್ತು ಹರಿಯುತ್ತಿರುವಷ್ಟು ಕಾಲ ಎರಡೂ ಅಂಟಿಕೊಂಡಿರುವುವು. ಸಾಮಾನ್ಯವಾಗಿ ಸಿಕ್ಕುವುದು ೬೦೦ ಪೌಂಡು ಮತ್ತು ೧,೨೦೦ ಪೌಂಡಿನ ಹಿಡಿತದವು, ಅಂದರೆ ಸುಮಾರು ೨೭೦ ಮತ್ತು ೫೪೦ ಕಿಲೋಗ್ರಾಂ. ವಿದ್ಯುತ್ತು ನಿಂತೊಡನೆ ಇದು ಬಿಟ್ಟುಬಿಡುವುದು. ಎರಡನೆಯದು, ಚಿಲಕದ ನಾಲಗೆ ಕುಳಿತುಕೊಳ್ಳುವ ಕುಳಿಯ ತುಟಿಯು ವಿದ್ಯುತ್ತಿನಿಂದ ಸಡಿಲವಾಗುವ ಬಗೆ. ವ್ಯಾಪಾರಿಗಳು ಇದನ್ನು ಎಲೆಕ್ಟ್ರಿಕ್ ಸ್ಟ್ರೈಕ್ ಎನ್ನುವರು. ಇದರ ರೂಢಿಯ ರೂಪದಲ್ಲಿ ವಿದ್ಯುತ್ತು ಹೋದರೆ ಹೊರಗಿನಿಂದ ಬಾಗಿಲು ಭದ್ರವಾಗಿಯೇ ಉಳಿಯುವುದು, ಒಳಗಿನವರು ಮಾತ್ರ ಹಿಡಿಯನ್ನು ತಿರುಗಿಸಿ ಹೊರಬರಬಹುದು.

ಇವೆರಡರ ಅಂತರವನ್ನು ತಿಳಿಯದೆ ಕೊಂಡವರು ಕಷ್ಟಕ್ಕೀಡಾಗುವರು. ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಹುಟ್ಟಿಸಿ ೧೯೦೨ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ನಾಡು ನಮ್ಮದು. ಆದರೂ ಮುಂಗಾರಿನ ಮೊದಲ ಗಾಳಿಗೆ ದೀಪವಾರುವುದು ಹಳ್ಳಿಪಟ್ಟಣಗಳಲ್ಲಿ ಯಾರಿಗೂ ಹೊಸದಲ್ಲ. ಆದಕಾರಣ ಬ್ಯಾಟರಿಯ ಲೆಕ್ಕವನ್ನು ಕೊಳ್ಳುವವನು ತಾನೇ ಮಾಡಿನೋಡಬೇಕು. ಕಾಂತದ ಬೀಗವು ಅರ್ಧ ಆಂಪಿಯರನ್ನೂ ಉಳಿದ ಪೆಟ್ಟಿಗೆಗಳು ೦.೩ ಆಂಪಿಯರನ್ನೂ ಎಳೆಯುವುವೆಂದಿಟ್ಟುಕೊಳ್ಳೋಣ, ಒಟ್ಟು ೦.೮. ಏಳು ಆಂಪಿಯರ್-ಗಂಟೆಯ ಬ್ಯಾಟರಿಯು ಕಾಗದದ ಮೇಲೆ ಎಂಟೂ ಮುಕ್ಕಾಲು ಗಂಟೆ ನಡೆಸುವುದು. ಹಳತಾದ ಬ್ಯಾಟರಿಯನ್ನು ಅರ್ಧಕ್ಕೇ ನಂಬಬೇಕು. ನಾಲ್ಕು ಗಂಟೆಯ ಬಳಿಕ ಕಾಂತದ ಬಾಗಿಲು ಊರಿಗೆಲ್ಲ ತೆರೆದಂತೆಯೇ. ರಾತ್ರಿ ಹತ್ತಕ್ಕೆ ಹೋದ ವಿದ್ಯುತ್ತು ಬೆಳಗಿನವರೆಗೆ ಬಾರದಿದ್ದರೆ ವಿದ್ಯಾರ್ಥಿನಿಲಯದ ಗತಿಯೇನೆಂಬುದನ್ನು ಆಲೋಚಿಸಿಯೇ ಬೀಗದ ಬಗೆಯನ್ನು ಆರಿಸತಕ್ಕದ್ದು.

ಹೊರಹೋಗುವ ದಾರಿ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಬಾಗಿಲನ್ನು ಆರಿಸುವವರು ಒಳಬರುವವರನ್ನೇ ಧ್ಯಾನಿಸುತ್ತ ಹೊರಹೋಗುವವರನ್ನು ಮರೆಯುವರು. ಶ್ರೀರಂಗಪಟ್ಟಣದ ಮುತ್ತಿಗೆಯ ಸಂಜೆ ಟಿಪ್ಪುಸುಲ್ತಾನನ ದೇಹ ದೊರೆತುದು ಕೋಟೆಯ ಇಕ್ಕಟ್ಟಾದ ಬಾಗಿಲವಾಡವೊಂದರಲ್ಲಿ, ಹೆಣಗಳ ರಾಶಿಯ ನಡುವೆ. ಶಾಂತಿಕಾಲದ ಲೆಕ್ಕವೂ ಇದಕ್ಕಿಂತ ಕಡಿಮೆ ಘೋರವಲ್ಲ. ೧೮೮೩ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲಿನಲ್ಲಿ ಆಟಿಕೆಗಳ ಆಸೆಯಿಂದ ಮೆಟ್ಟಿಲಿಳಿದ ಮಕ್ಕಳು, ಒಬ್ಬೊಬ್ಬರೇ ನುಸುಳುವಷ್ಟು ಮಾತ್ರ ತೆರೆದು ಅಗುಳಿ ಹಾಕಿದ್ದ ಬಾಗಿಲ ಮುಂದೆ ಒಬ್ಬರ ಮೇಲೊಬ್ಬರು ಬಿದ್ದು ೧೮೩ ಮಂದಿ ಸತ್ತರು. ಆ ಬಳಿಕವೇ ಒಳಗಿನಿಂದ ಮೈಯೊತ್ತಿದರೆ ತೆರೆದುಕೊಳ್ಳುವ ಅಡ್ಡಪಟ್ಟಿಯ ಚಿಲಕವನ್ನು ಕಂಡುಹಿಡಿದರು. ೧೯೧೧ರಲ್ಲಿ ನ್ಯೂಯಾರ್ಕಿನ ಟ್ರೈಯಾಂಗಲ್ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದಾಗ ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದ್ದಿತು, ಸತ್ತವರು ೧೪೬. ೧೯೯೭ರ ಜೂನ್ ೧೩ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಹೊರದಾರಿಗಳು ಮುಚ್ಚಿದ್ದ ಬಾಲ್ಕನಿಯಲ್ಲಿ ಹೊಗೆಗೆ ಸಿಕ್ಕಿ ೫೯ ಮಂದಿ ಮಡಿದರು. ನಮ್ಮ ಬೆಂಗಳೂರಿನಲ್ಲಿ ೨೦೧೦ರ ಫೆಬ್ರವರಿ ೨೩ರಂದು ಕಾರ್ಲ್ಟನ್ ಟವರ್ಸ್ ಎಂಬ ಎತ್ತರದ ಕಟ್ಟಡದಲ್ಲಿ ಬೆಂಕಿ ಬಿದ್ದು ಹೊಗೆ ಆವರಿಸಿ ಒಂಬತ್ತು ಜೀವಗಳು ಹೋದುವು.

ಹೊರಹೋಗುವ ಬಾಗಿಲು ಒಳಗಿನವರಿಗೆ ಬೀಗದ ಕೈ ಇಲ್ಲದೆಯೇ ತೆರೆಯುವಂತಿರಬೇಕೆಂದು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಿಧಿಸುವುದು. ಕಾರ್ಡೂ ಒಂದು ಬೀಗದ ಕೈಯೇ ಎಂಬುದನ್ನು ಮರೆಯಕೂಡದು. ಕಾಂತದ ಬೀಗವಿದ್ದಲ್ಲಿ ಅದನ್ನು ಬಿಡಿಸುವ ಗುಂಡಿಯು ನಿಯಾಮಕ ಪೆಟ್ಟಿಗೆಯನ್ನು ಅನುಮತಿ ಕೇಳುವಂತಿರದೆ, ಬೀಗಕ್ಕೆ ಹೋಗುವ ವಿದ್ಯುತ್ತನ್ನೇ ನೇರವಾಗಿ ಕಡಿಯುವಂತಿರಬೇಕು. ಯಂತ್ರವು ಮಂಕಾದಾಗಲೂ ಅದು ಕೆಲಸಮಾಡಬೇಕು. ಬೆಂಕಿಯ ಎಚ್ಚರಿಕೆಯ ಗಂಟೆ ಬಾರಿಸಿದೊಡನೆ ದಾರಿಯ ಬೀಗಗಳೆಲ್ಲ ತಾವಾಗಿ ಬಿಡಬೇಕು. "ಹಾಗಾದರೆ ಹುಡುಗಿಯರು ರಾತ್ರಿ ಹಿಂಬಾಗಿಲಿನಿಂದ ಹೋಗಿಬಿಟ್ಟರೆ?" ಎಂದು ನಮ್ಮಲ್ಲಿ ಹಿರಿಯರೊಬ್ಬರು ಶಂಕಿಸಿದರು. ಅದಕ್ಕೆ ಉತ್ತರವುಂಟು. ಅಡ್ಡಪಟ್ಟಿಯನ್ನು ಒತ್ತಿದರೆ ಬಾಗಿಲು ತೆರೆಯಲಿ, ಅದರೊಡನೆ ಗಂಟೆಯೂ ಬಾರಿಸಲಿ. ಶಿಸ್ತಿನ ಭಂಗವನ್ನು ಬೆಳಗ್ಗೆ ವಿಚಾರಿಸಬಹುದು. ಹೊಗೆಯು ಬೆಳಗಿನವರೆಗೆ ಕಾಯುವುದಿಲ್ಲ.

ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ಬೆಲೆಯೆಂಬುದು ಯಂತ್ರದ ಬೆಲೆ ಮಾತ್ರವಲ್ಲ. ತಂತಿ, ಬ್ಯಾಟರಿ, ಕದವನ್ನು ತಾನಾಗಿ ಮುಚ್ಚುವ ತೋಳು, ಕಾರ್ಡುಗಳು, ವರ್ಷಂಪ್ರತಿ ಪಾಲನೆಯ ವೆಚ್ಚ, ಕಂಪ್ಯೂಟರಿನ ತಂತ್ರಾಂಶಕ್ಕೆ ಪ್ರತಿವರ್ಷವೂ ಶುಲ್ಕವಿದ್ದರೆ ಅದು, ಇಷ್ಟನ್ನೂ ಐದು ವರ್ಷಗಳಿಗೆ ಕೂಡಿಸಿ ನೋಡಬೇಕು. ಅಗ್ಗದ ಯಂತ್ರವು ದುಬಾರಿಯಾಗುವುದು ಅನೇಕವೇಳೆ ಎರಡನೆಯ ವರ್ಷದಲ್ಲಿ. ಕದವು ಸರಿಯಾಗಿ ಕೂಡಿಕೊಳ್ಳದೆ ಜೋತುಬಿದ್ದಿದ್ದರೆ ಮೊದಲು ಬಡಗಿಯನ್ನು ಕರೆಯಿರಿ. ವಕ್ರವಾದ ಕದವನ್ನು ಯಾವ ಕಾಂತವೂ ಹಿಡಿಯದು. ಹೆಸರುಗಳ ಪಟ್ಟಿಯೂ ಹೋಗಿಬಂದವರ ದಾಖಲೆಯೂ ಕೊಂಡವರ ಸ್ವತ್ತೆಂದು, ಮಾರಿದವನು ಅಂಗಡಿ ಮುಚ್ಚಿದರೂ ಅವು ನಮ್ಮ ಕೈಗೆ ಸಿಕ್ಕಬೇಕೆಂದು ಕರಾರಿನಲ್ಲಿ ಬರೆಸಿರಿ. ಕಾರ್ಖಾನೆಯಿಂದ ಬಂದಾಗ ಇದ್ದ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಿರಿ. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಇರುವ ಆ ಪದವು ಲೋಕಕ್ಕೆಲ್ಲ ತಿಳಿದುದು. ಓದುವ ಪೆಟ್ಟಿಗೆಯನ್ನು ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೂ ಎಟುಕುವ ಎತ್ತರದಲ್ಲಿ ಕೂರಿಸಿರಿ.

ಹಣವನ್ನು ಪೂರ್ತಿ ಪಾವತಿ ಮಾಡುವ ಮುನ್ನ ಮೂರು ಪರೀಕ್ಷೆಗಳನ್ನು ಮಾಡಿಸತಕ್ಕದ್ದು. ಮುಖ್ಯ ವಿದ್ಯುತ್ತನ್ನು ತೆಗೆದು ಬ್ಯಾಟರಿ ಎಷ್ಟು ಗಂಟೆ ತಾಳುವುದೆಂದು ಗಡಿಯಾರ ಹಿಡಿದು ನೋಡುವುದು ಒಂದು. ಬೆಂಕಿಯ ಗಂಟೆಯನ್ನು ಬಾರಿಸಿ ಪ್ರತಿಯೊಂದು ಬಾಗಿಲೂ ಬಿಡುವುದೆ ಎಂದು ನೋಡುವುದು ಎರಡು. ಒಂದು ಕಾರ್ಡನ್ನು ರದ್ದುಮಾಡಿ, ಆ ಕ್ಷಣದಿಂದ ಅದು ಯಾವ ಬಾಗಿಲನ್ನೂ ತೆರೆಯದೆಂದು ನಿಶ್ಚಯಿಸಿಕೊಳ್ಳುವುದು ಮೂರು. ಇವನ್ನೇ ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಬೇಕು.

ಯಂತ್ರವು ಕೂತ ಬಳಿಕ ಉಳಿಯುವುದು ಮನುಷ್ಯರ ಕೆಲಸ. ಒಬ್ಬಳು ಕಾರ್ಡು ತೋರಿ ಬಾಗಿಲು ತೆರೆದಾಗ ಹಿಂದಿನವನಿಗೆಂದು ಸೌಜನ್ಯದಿಂದ ಹಿಡಿದು ನಿಂತರೆ ಯಂತ್ರವು ಏನನ್ನೂ ಮಾಡಲಾರದು. ಕೆಲಸ ಬಿಟ್ಟವರ, ಓದು ಮುಗಿಸಿದವರ ಕಾರ್ಡು ಅಂದೇ ರದ್ದಾಗಬೇಕು. ಇದಕ್ಕೆ ಹೊಣೆಗಾರರಾದ ಒಬ್ಬರ ಹೆಸರು ಬರಹದಲ್ಲಿರಬೇಕು, ಅವರಿಲ್ಲದಾಗ ಮಾಡುವ ಇನ್ನೊಬ್ಬರದೂ ಇರಬೇಕು. ಯಾರು ಯಾವಾಗ ಬಂದರು, ಹೋದರೆಂಬ ದಾಖಲೆಯನ್ನು ಕಳುವು ಮುಂತಾದ ಕಾರಣವಿದ್ದಾಗ ಇಬ್ಬರು ಕೂಡಿ ನೋಡಬೇಕೇ ಹೊರತು ಕುತೂಹಲಕ್ಕಾಗಿ ಒಬ್ಬರು ಬಿಚ್ಚಕೂಡದು. ಬೆಳೆದ ಹುಡುಗಿ ಎಂಟು ಗಂಟೆಗೆ ಬಂದಳೋ ಎಂಟೂ ಹತ್ತಕ್ಕೆ ಬಂದಳೋ ಎಂಬುದನ್ನು ಹರಟೆಯ ವಸ್ತುವಾಗಿಸುವ ಯಂತ್ರವು ಕಾವಲುಗಾರನಾಗದೆ ಚಾಡಿಕೋರನಾಗುವುದು.

ನಮ್ಮ ಧರ್ಮಸಂಸ್ಥೆಯವರ ತೀರ್ಮಾನವನ್ನು ಹೇಳಿ ಮುಗಿಸುವೆವು. ವಾಚನಾಲಯದ ಬಾಗಿಲಿಗೆ ಯಾವ ಯಂತ್ರವೂ ಬೇಡವೆಂದಾಯಿತು. ಹಗಲು ತೆರೆದಿರುವುದೇ ಅದರ ಧರ್ಮ, ರಾತ್ರಿಗೆ ಹಿತ್ತಾಳೆಯ ಬೀಗ ಸಾಕು. ಕಡತಗಳ ಕೋಣೆಗೆ ಕಾರ್ಡು ಮತ್ತು ಆರು ಸ್ಥಾನದ ಅಂಕಿ, ಎರಡೂ. ವಿದ್ಯಾರ್ಥಿನಿಲಯಕ್ಕೆ ಗೂಢಲಿಪಿಯ ಕಾರ್ಡು. ವಿದ್ಯುತ್ತು ಹೋದರೂ ಹೊರಗಿನಿಂದ ಭದ್ರವಾಗಿದ್ದು, ಒಳಗಿನಿಂದ ಹಿಡಿ ತಿರುಗಿಸಿದರೆ ತೆರೆಯುವ ಬೀಗ. ಹಿಂಬದಿಯ ಮೆಟ್ಟಿಲಿಗೆ ಅಡ್ಡಪಟ್ಟಿಯ ಚಿಲಕ ಮತ್ತು ಗಂಟೆ. ಬೆರಳ ಯಂತ್ರವನ್ನು ಹಿಂದಕ್ಕೆ ಕಳುಹಿಸಿ, ಅದರೊಳಗಿದ್ದ ಗುರುತುಗಳನ್ನು ನಮ್ಮ ಎದುರಿನಲ್ಲಿಯೇ ಅಳಿಸಿಕೊಂಡೆವು. ಬಂದುಹೋದವರ ದಾಖಲೆ ಮೂವತ್ತು ದಿನಗಳ ಬಳಿಕ ತಾನಾಗಿ ಅಳಿಯುವಂತೆ ಮಾಡಿಸಿದೆವು.

ಇದೇ ಏರ್ಪಾಟು ಎಲ್ಲರಿಗೂ ಒಪ್ಪುವುದೆಂದು ನಾವು ಹೇಳುವುದಿಲ್ಲ. ಅಂಗಡಿಯ ಗೋದಾಮಿಗೆ ಒಂದು ಬಗೆ, ವೃದ್ಧಾಶ್ರಮಕ್ಕೆ ಇನ್ನೊಂದು ಬಗೆ ಬೇಕಾಗುವುದು. ಆದರೆ ಕೇಳಬೇಕಾದ ಪ್ರಶ್ನೆಗಳು ಎಲ್ಲೆಡೆಯೂ ಇವೇ: ಈ ಬಾಗಿಲು ಯಾರನ್ನು ತಡೆಯಬೇಕು? ತಡೆಯಬಾರದವರನ್ನು ಎಷ್ಟು ಸಲ ತಡೆಯುವುದು? ದೀಪವಾರಿದಾಗ ಏನು ಮಾಡುವುದು? ಒಳಗಿನವರು ಓಡಿಬಂದಾಗ ಬಿಡುವುದೆ? ನಮ್ಮ ವಿಷಯವಾಗಿ ಅದು ಏನನ್ನು ನೆನಪಿಡುವುದು, ಆ ನೆನಪು ಯಾರ ಕೈಯಲ್ಲಿರುವುದು? ಈ ಐದಕ್ಕೂ ಸಮಾಧಾನಕರವಾದ ಉತ್ತರವಿತ್ತ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು. ಉತ್ತರವನ್ನು ಕೇಳಿ ತಿಳಿಯುವಷ್ಟು ತಾಳ್ಮೆಯಿಲ್ಲದಿದ್ದರೆ, ಗಟ್ಟಿಯಾದ ಕದಕ್ಕೆ ಒಳ್ಳೆಯ ಬೀಗವನ್ನು ಹಾಕಿಸಿ, ಕಣ್ಣುಳ್ಳ ಕಾವಲುಗಾರನೊಬ್ಬನಿಗೆ ತಕ್ಕ ಸಂಬಳವನ್ನು ಕೊಡುವುದೇ ಲೇಸು.